ಸೇತುವೆ ಹಾಡಿನ ಕೊನೆಯ ಸಾಲು

ಜನವರಿ 9, ಶುಕ್ರವಾರ

ಇವತ್ತು ಕಂಡಕ್ಟರಮ್ಮ ಬಸ್ಸನ್ನು ಸಿಗ್ನಲ್‌ನಲ್ಲಿ ಬಿಟ್ಟು ಓಡಿ ಬಂದಳು. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಬಿಟ್ಟು ಬಂದಳು. ಚೀಲ ಕಂಕುಳಲ್ಲಿ, ಸೀಟಿ ಬಾಯಲ್ಲಿ. ನಾನು ಲಾಂಡ್ರಿಯಲ್ಲಿ ಯಾರದೋ ಕೋಟಿನ ಕಾಲರಿನಿಂದ ಎಣ್ಣೆ ಕಲೆ ತೆಗೆಯುತ್ತಿದ್ದೆ. ಕೌಂಟರಿನ ಮೇಲೆ ಫೋನು ಇಟ್ಟು, “ಅಕ್ಕಾ, ಬೇಗ ಓದಿ, ಡ್ರೈವರ್ ನನ್ನ ತಿಂದ್ಹಾಕ್ತಾನೆ” ಅಂದಳು.

ಓದಿದೆ. ನಮ್ಮ ಬ್ಯಾಂಡಿನ ಕರಿ ರಟ್ಟಿನ ಆಲ್ಬಮ್ ಮತ್ತೆ ಬರುತ್ತಿದೆ. ಕಂಪನಿಗೂ ಬ್ಯಾಂಡಿಗೂ ಇದ್ದ ಕೋರ್ಟು ಜಗಳ ಕಡೆಗೂ ಮುಗಿಯಿತಂತೆ. ಮೂಲ ಟೇಪುಗಳನ್ನು ಒಪ್ಪ ಮಾಡಿ ಫೆಬ್ರವರಿ ಕೊನೆಗೆ ಬಿಡುತ್ತಾರೆ, ಜೊತೆಗೆ ಎರಡು ಹೊಸ ಹಾಡು. ಎಷ್ಟೋ ವರ್ಷದಿಂದ ಬಾಯಿ ಬಿಡದವರು ಈಗ ಹೊಸ ಹಾಡು ಕೊಡುತ್ತಾರಂತೆ. ಗಾಯಕನಿಗೆ ಎಪ್ಪತ್ತು ದಾಟಿದೆ. ನನ್ನ ವಯಸ್ಸನ್ನು ಮರೆತು ಕೌಂಟರಿನ ಹಿಂದೆ ಎರಡು ಸುತ್ತು ಕುಣಿದೆ. ಯಜಮಾನಿ ಒಳಗಿನಿಂದ ಬಂದು ಇಸ್ತ್ರಿಪೆಟ್ಟಿಗೆ ಶಾಕ್ ಹೊಡೆಯಿತಾ ಅಂತ ವಿಚಾರಿಸಿದರು.

ಎರಡು ಬಾಗಿಲು ಆಚೆ ನಮ್ಮ ಮನೆಯವರ ಅಂಗಡಿ. ಈಗ ಅಲ್ಲಿ ರೇಡಿಯೋ, ಸ್ಪೀಕರ್, ಫೋನು ರಿಪೇರಿ. ಆದರೂ ಊರಿಗೆಲ್ಲ ಅದು ಕ್ಯಾಸೆಟ್ ಅಂಗಡಿಯೇ, ನನ್ನ ಗಂಡ ಕ್ಯಾಸೆಟ್ಟೇ. ಸುದ್ದಿ ಹೇಳಿದೆ. ಕಣ್ಣು ಅರಳಿತು. ಆಮೇಲೆ ಸ್ಲೇಟು ತೆಗೆದು ಬರೆದರು: “ಸೇತುವೆ ಹಾಡೂ ಇದೆಯಾ?”

ಇದೆ ಅಂದೆ. ಮುಖ ಪೆಚ್ಚಾಯಿತು. ಯಾಕೆ ಅಂತ ಈ ಊರಿನಲ್ಲಿ ಗೊತ್ತಿರುವವಳು ನಾನೊಬ್ಬಳೇ.

ಆ ಆಲ್ಬಮ್ ನಮ್ಮ ಊರಿಗೆ ಬಂದದ್ದು ಒಂದೇ ಒಂದು ಕ್ಯಾಸೆಟ್. ಯಾರೋ ಗಿರಾಕಿ ಹೊರಗಿನಿಂದ ತಂದು ಇವರ ಕೈಗೆ ಕೊಟ್ಟಿದ್ದ. ಇವರ ಮಷೀನು ಸೇತುವೆ ಹಾಡಿನ ಬಾಲವನ್ನು ಅಗಿದು ನುಂಗಿತು. ಹೊರಗೆ ಹುಡುಗರ ಸಾಲು ನಿಂತಿತ್ತು. ಇವರಿಗೆ ಆಗ ಮೀಸೆ ಸರಿಯಾಗಿ ಬಂದಿರಲಿಲ್ಲ, ಧೈರ್ಯ ಬಂದಿತ್ತು. ಗಿಟಾರು ಎರವಲು ತಂದು, ಶಟರ್ ಎಳೆದು, ಹರಿದ ಜಾಗದಲ್ಲಿ ತಾವೇ ಒಂದು ಸಾಲು ಕಟ್ಟಿ, ಹಾಡಿ ತುಂಬಿಸಿದರು: “ಬಾಗಿಲು ಹಾಕಿಲ್ಲ, ತಳ್ಳಿ ನೋಡು.” ಇವರ ಗಂಟಲು ಆ ಗಾಯಕನದೇ ಅಚ್ಚು. ಅದರಿಂದಲೇ ಊರಿಗೆಲ್ಲ ಕಾಪಿ ಹೋಯಿತು. ಆಲ್ಬಮ್ ಮತ್ತೆ ಎಲ್ಲೂ ಬರಲಿಲ್ಲ, ಬ್ಯಾಂಡಿನವರು ಆ ಹಾಡನ್ನು ವೇದಿಕೆಯ ಮೇಲೂ ಹಾಡಲಿಲ್ಲ. ಇಲ್ಲಿಯ ಅಭಿಮಾನಿಗಳಿಗೆಲ್ಲ ಅದೇ ಆಲ್ಬಮ್ಮಿನ ಅತಿ ಒಳ್ಳೆಯ ಸಾಲು. ಮದುವೆಯಾದ ಹೊಸದರಲ್ಲಿ ನನಗೆ ಹೇಳಿದರು. ನಾನು ಒಂದು ದಿನ ನಕ್ಕೆ, ಮರುದಿನದಿಂದ ಹೆಮ್ಮೆಪಟ್ಟೆ.

ಈಗ ಆ ಗಂಟಲೇ ಇಲ್ಲ. ನವೆಂಬರಿನಲ್ಲಿ ಥೈರಾಯ್ಡ್ ಗಡ್ಡೆ ತೆಗೆದರು. ಗಡ್ಡೆ ಕೆಟ್ಟದ್ದಲ್ಲ, ಪುಣ್ಯ. ಆದರೆ ಧ್ವನಿಯ ನರ ಸೋತಿತು.

ಜನವರಿ 14, ಬುಧವಾರ

ಧ್ವನಿ ಟೀಚರ್ ಹತ್ತಿರ ಹೋಗಿದ್ದೆವು. ಆಸ್ಪತ್ರೆಯ ಮೂರನೇ ಮಹಡಿ, ಗೋಡೆ ತುಂಬ ಗಂಟಲಿನ ಚಿತ್ರ. ನೋಡಿದರೆ ಊಟ ಸೇರುವುದಿಲ್ಲ. ಟೀಚರ್ ಇನ್ನೂ ಚಿಕ್ಕ ಹುಡುಗಿ. ಒಂದು ಸ್ವರತಂತು ಮಲಗಿಬಿಟ್ಟಿದೆ, ಇನ್ನೊಂದು ಅದರ ಹತ್ತಿರ ಹೋಗಿ ಮುಟ್ಟುವುದನ್ನು ಕಲಿಯಬೇಕು, ಅದಕ್ಕೆ ದಿನಾ ಅಭ್ಯಾಸ ಬೇಕು, ಈಗ ಬಿಟ್ಟರೆ ಹೀಗೇ ಉಳಿದುಹೋಗಬಹುದು ಅಂತ ಬಿಡಿಸಿ ಹೇಳಿದಳು. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಊದಬೇಕು. ಕುರ್ಚಿಯ ಕೈ ಹಿಡಿದು ಒತ್ತುತ್ತಾ “ಆ” ಅನ್ನಬೇಕು.

ಇವರು ಒಂದು ಸಲ “ಆ” ಅಂದರು. ತುಕ್ಕು ಹಿಡಿದ ಗೇಟು ತೆಗೆದ ಹಾಗಿತ್ತು. ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ.

“ಮನೇಲಿ ಎಷ್ಟು ಮಾತಾಡ್ತೀರಾ?” ಅಂತ ಕೇಳಿದಳು. ಮಾತೇ ಆಡಲ್ಲ, ಎಲ್ಲ ಸ್ಲೇಟಿನ ಮೇಲೆ ಅಂತ ನಾನು ಹೇಳಿದೆ. “ಗಂಟಲು ನೋಯುತ್ತಾ?” ನೋವಿಲ್ಲ, ನಾಚಿಕೆ ಅಂತ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

“ಮೇಡಂ, ನಾನು ಕೇಳ್ತಿರೋದು ಅವರನ್ನ. ಉತ್ತರ ನಿಮ್ಮಿಂದ ಬರ್ತಿದೆ. ನೀವು ಸ್ವಲ್ಪ ಸುಮ್ನಿದ್ರೆ ಅವರಿಗೆ ಬಾಯಿ ಬಿಡೋ ಅಗತ್ಯ ಬರುತ್ತೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಿಸುವುದಕ್ಕೆ ಬರದಿದ್ದರೆ ಹೆಂಡತಿಯ ತಪ್ಪು. ನಾನು ಮಾತಾಡದಿದ್ದರೆ ಗಿರಾಕಿಗಳಿಗೆ ಯಾರು ಹೇಳುತ್ತಾರೆ, ಇವರ ಫೋನು ಯಾರು ಎತ್ತುತ್ತಾರೆ? ಮಾತು ಬೆಳ್ಳಿ ಮೌನ ಬಂಗಾರ ಅಂತ ಗಾದೆ ಕಟ್ಟಿದವರ ಮನೆಯಲ್ಲಿ ಇಂಥ ಗಂಡ ಇರಲಿಲ್ಲ. ಬಸ್ಸಿನಲ್ಲಿ ಬರುವಾಗ ಇವರಿಗೂ ಅದನ್ನೇ ಹೇಳಿದೆ, ಇಳಿಯುವ ತನಕ ಹೇಳಿದೆ.

ಸಂಜೆ ಹಳೆಯ ಕ್ಯಾಸೆಟ್ ಹಾಕಿ ಸೇತುವೆ ಹಾಡು ಕೇಳಿದೆ. ಆಪರೇಷನ್ ಆದಾಗಿನಿಂದ ದಿನಾ ಕೇಳುತ್ತೇನೆ. ಇವರು ಎಂದಿನಂತೆ ಚಪ್ಪಲಿ ಮೆಟ್ಟಿ ವಾಕಿಂಗ್ ಹೋದರು.

ಜನವರಿ 25, ಭಾನುವಾರ

ಹಲ್ಲು ಡಾಕ್ಟರ ಕ್ಲಿನಿಕ್ಕಿನಲ್ಲಿ ಸಭೆ. ಊರಿನ ಹಳೆಯ ಅಭಿಮಾನಿಗಳಲ್ಲಿ ಉಳಿದವರು ನಾವು ನಾಲ್ಕು ಜನ: ಡಾಕ್ಟರು, ಕಂಡಕ್ಟರಮ್ಮ, ಇವರು, ನಾನು. ರೆಕಾರ್ಡನ್ನು ಡಾಕ್ಟರು ತರಿಸುತ್ತಾರೆ, ಪ್ಲೇಯರ್ ಇರುವುದು ಅವರ ಹತ್ತಿರವೇ.

ನಮ್ಮ ಕಟ್ಟಳೆ ಹಳೆಯದು. ಹೊಸ ಆಲ್ಬಮ್ಮನ್ನು ಯಾರೂ ಒಬ್ಬರೇ ಮೊದಲು ಕೇಳುವಂತಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಕೂರಬೇಕು, ಒಂದು ಬದಿ ಮುಗಿಯುವ ತನಕ ತುಟಿ ಬಿಚ್ಚಬಾರದು. ಆಮೇಲೆ ವಯಸ್ಸಿನಲ್ಲಿ ಚಿಕ್ಕವರು ಮೊದಲು ಮಾತಾಡಬೇಕು, ಇಲ್ಲದಿದ್ದರೆ ದೊಡ್ಡವರು ಹೇಳಿದ್ದಕ್ಕೆ ಚಿಕ್ಕವರು ತಲೆಯಾಡಿಸುತ್ತಾರೆ. ಅಂದರೆ ಮೊದಲು ಕಂಡಕ್ಟರಮ್ಮ, ಆಮೇಲೆ ನಾನು, ಆಮೇಲೆ ಡಾಕ್ಟರು, ಕೊನೆಗೆ ಇವರು. ಒಬ್ಬರ ಸರದಿ ಮುಗಿಯದೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ.

“ಕ್ಯಾಸೆಟ್ ಭಾವನ ಸರದಿ ಬಂದಾಗ?” ಅಂತ ಕಂಡಕ್ಟರಮ್ಮ ಮೆಲ್ಲಗೆ ಕೇಳಿದಳು.

ನಾನು ಹೇಳುತ್ತೇನೆ ಅಂದೆ. ಇವರ ಮನಸ್ಸಿನಲ್ಲಿ ಇರುವುದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಇವರು ಕಿಟಕಿಯ ಕಡೆ ತಿರುಗಿ ಕೂತರು.

ಸೇತುವೆ ಹಾಡಿನ ಕೊನೆಯ ಸಾಲು ಹೊಸ ರೆಕಾರ್ಡಿನಲ್ಲಿ ಹೇಗೆ ಕೇಳಿಸಬಹುದು ಅಂತ ಡಾಕ್ಟರು ಅರ್ಧ ಗಂಟೆ ಮಾತಾಡಿದರು. ನನಗೆ ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗೆ. ಮನೆಗೆ ಬಂದು ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದೆ.

ಫೆಬ್ರವರಿ 8, ಭಾನುವಾರ

ಹೊಸ ಹಾಡಿನ ಒಂದು ತುಣುಕು ಬಿಟ್ಟಿದ್ದಾರೆ. ತುಣುಕಿಗೆ ಕಟ್ಟಳೆ ಅನ್ವಯಿಸುತ್ತದೋ ಇಲ್ಲವೋ ಅಂತ ವಾದ ಮಾಡಿ, ಕಡೆಗೆ ನಮ್ಮ ಮನೆಯಲ್ಲೇ ಕೂತು ಕೇಳಿದೆವು. ಆ ಧ್ವನಿ ಕೇಳಿ ನನಗೆ ಅಳು ಬಂತು. ಸೊರಗಿಹೋಗಿದೆ. ಒಂದು ಪದದಿಂದ ಇನ್ನೊಂದು ಪದಕ್ಕೆ ಗೋಡೆ ಹಿಡಿದು ನಡೆಯುತ್ತಿದೆ.

“ಅಜ್ಜ ಮನೇಲಿ ಕೂತಿದ್ರೆ ಚೆನ್ನಾಗಿತ್ತು” ಅಂದರು ಡಾಕ್ಟರು.

“ಹೌದು ಮತ್ತೆ” ಅಂದೆ ನಾನು. “ಆಗದಿದ್ರೆ ಬಾಯಿ ಮುಚ್ಕೊಂಡಿರಬೇಕು. ಇಂಥ ಗಂಟಲು ಇಟ್ಕೊಂಡು ಜನರ ಮುಂದೆ ಯಾಕೆ ಬರಬೇಕು? ಹಳೇದು ಸಾಕು ನಮಗೆ.”

ಕಂಡಕ್ಟರಮ್ಮ ನನ್ನ ತೊಡೆ ಚಿವುಟಿದಳು. ಇವರು ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಎಲ್ಲರೂ ಹೊರಟ ಮೇಲೂ ಅಲ್ಲೇ ಇದ್ದರು, ನಲ್ಲಿ ಬಿಟ್ಟುಕೊಂಡು.

ನಾನು ಹೇಳಿದ್ದು ಗಾಯಕನಿಗೆ. ಯಾರಿಗೆ ಹೇಳಿದ್ದು ಅಂತ ಮಗುವಿಗೂ ಗೊತ್ತಾಗುತ್ತದೆ.

ಫೆಬ್ರವರಿ 9, ಸೋಮವಾರ

ಇವತ್ತು ಸ್ಲೇಟನ್ನೂ ಮುಟ್ಟಲಿಲ್ಲ.

ಫೆಬ್ರವರಿ 12, ಗುರುವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊತ್ತು, ಗೊತ್ತು. ಕ್ಷಮೆ ಕೇಳಿದೆ. ಕ್ಷಮೆ ಕೇಳುತ್ತಾ ಕೇಳುತ್ತಾ ಅದಕ್ಕೂ ಒಂದು ಭಾಷಣ ಬಿಗಿದೆ ಅಂತ ಕಾಣುತ್ತದೆ. ಇವರು ಕೈ ಎತ್ತಿ ಸಾಕು ಅಂತ ಸನ್ನೆ ಮಾಡಿದರು. ಆಮೇಲೆ ಸ್ಲೇಟಿನಲ್ಲಿ: “ಟೀಚರ್ ಹತ್ತಿರ ಇನ್ನು ಬರಲ್ಲ.”

ಈ ಮನುಷ್ಯ ಇನ್ನು ಜೀವಮಾನವಿಡೀ ಹೀಗೇ ಇದ್ದುಬಿಟ್ಟರೆ? ಬಾಯಿಗೆ ಬಂದದ್ದನ್ನು ನುಂಗಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಟೀಚರ್ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. “ಅಭ್ಯಾಸದ ಹಾಳೆ ಕೊಡ್ತೀನಿ, ಅವರ ಅಂಗಡೀಲಿ ಇಟ್ಟು ಬನ್ನಿ. ಏನೂ ಹೇಳ್ಬೇಡಿ” ಅಂದಳು.

ಇಟ್ಟು ಬಂದೆ. ಏನೂ ಹೇಳದೆ ಬರುವುದು ಎಂಥ ಕಷ್ಟದ ಕೆಲಸ.

ಫೆಬ್ರವರಿ 27, ಶುಕ್ರವಾರ

ಇವತ್ತು ಬರಬೇಕಾಗಿದ್ದ ಆಲ್ಬಮ್ ಮುಂದಕ್ಕೆ ಹೋಯಿತು. ರಟ್ಟಿನ ಅಚ್ಚು ಸರಿಬಂದಿಲ್ಲವಂತೆ. ಕಂಡಕ್ಟರಮ್ಮ ಫೋನಿನಲ್ಲಿ ಕಂಪನಿಯ ಏಳು ತಲೆಮಾರನ್ನು ವಿಚಾರಿಸಿಕೊಂಡಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ರೇಷ್ಮೆ ಬ್ಲೌಸಿನ ಮೇಲೆ ಇಸ್ತ್ರಿ ಬಿಟ್ಟು ಯೋಚನೆಯಲ್ಲಿ ನಿಂತೆ, ತೋಳು ಸುಟ್ಟಿತು. ಯಜಮಾನಿ ಬೈದದ್ದು ರಸ್ತೆಯ ಆ ಬದಿಗೂ ಕೇಳಿಸಿರಬೇಕು.

ಮಧ್ಯಾಹ್ನ ಇವರ ಅಂಗಡಿಗೆ ಹೋದೆ. ಬಾಗಿಲು ಒರಗಿಸಿತ್ತು. ಒಳಗೆ ನೀರು ಗುಳುಗುಳು ಅನ್ನುತ್ತಿತ್ತು. ಸ್ಟ್ರಾ. ನಿಂತಿತು. ಆಮೇಲೆ “ಆ.” ಮತ್ತೆ “ಆ.” ಒಂದು ಸಲ ಧ್ವನಿ ಒಡೆದಾಗ ಇವರು ಮೇಜಿಗೆ ಗುದ್ದಿದರು. ಮತ್ತೆ “ಆ.”

ನಾನು ಒಳಗೆ ಹೋಗಲಿಲ್ಲ. ಯಾಕೋ ಗೊತ್ತಿಲ್ಲ. ಕೈಯಲ್ಲಿ ಕೆಲಸವೂ ಇತ್ತು.

ಮಾರ್ಚ್ 5, ಗುರುವಾರ

ಊಟದ ಹೊತ್ತಿನಲ್ಲಿ ಕೋಟಿಗೆ ಚೀಟಿ ಸಿಕ್ಕಿಸುತ್ತಲೇ ಇವರ ಅಂಗಡಿಗೆ ಹೋಗಿದ್ದೆ. ಬಾಯಲ್ಲಿ ನಾಲ್ಕಾರು ಗುಂಡುಸೂಜಿ. ಒಬ್ಬ ಗಿರಾಕಿ ಬಂದು “ರೇಡಿಯೋ ಆಯ್ತಾ?” ಅಂದ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಸೂಜಿಗಳೂ ಅಲ್ಲೇ ಇದ್ದವು. ಇವರು ನನ್ನನ್ನು ನೋಡಿದರು, ಅವನನ್ನು ನೋಡಿದರು.

“ನಾಳೆ” ಅಂದರು.

“ಸರಿ. ನೆಗಡೀನಾ ಅಣ್ಣಾ? ಬಿಸಿನೀರು ಕುಡೀರಿ” ಅಂತ ಹೇಳಿ ಅವನು ಹೊರಟುಹೋದ. ಅಷ್ಟೇ. ಆಕಾಶ ಬೀಳಲಿಲ್ಲ.

ಆ ಧ್ವನಿ ಚೆನ್ನಾಗಿಲ್ಲ. ಇಲ್ಲಿ ಸುಳ್ಳು ಯಾಕೆ ಬರೆಯಲಿ? ಒಣಗಿದೆ, ಗಾಳಿ ಸೋರುತ್ತದೆ, ಪರಿಚಯವೇ ಇಲ್ಲದ ಯಾರೋ ಇವರ ಬಾಯಿಂದ ಮಾತಾಡಿದ ಹಾಗಿತ್ತು. ನಾನು ಪ್ರೀತಿಸಿದ್ದು ಬೇರೆ ಧ್ವನಿಯನ್ನು. ಸಂಜೆ ಕ್ಯಾಸೆಟ್ ಹಾಕಲು ಹೋಗಿ, ಯಾಕೋ ಬೇಡವೆನಿಸಿ ಬಟ್ಟೆ ಮಡಿಸುತ್ತಾ ಕೂತೆ.

ಮಾರ್ಚ್ 12, ಗುರುವಾರ

ಟೀಚರ್ ಹತ್ತಿರ ಇವರೇ ಹೊರಟರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ.

ಮಾರ್ಚ್ 20, ಶುಕ್ರವಾರ

ರೆಕಾರ್ಡ್ ಬಂತು. ಡಾಕ್ಟರ ಕ್ಲಿನಿಕ್ಕಿನ ಬೀರುವಿನಲ್ಲಿ, ಹಲ್ಲಿನ ಅಚ್ಚುಗಳ ಪಕ್ಕದಲ್ಲಿ, ಕವರು ಬಿಚ್ಚದೆ ಇದೆ. ಕಂಡಕ್ಟರಮ್ಮ ಹಲ್ಲುನೋವು ಅಂತ ನೆಪ ಹೇಳಿ ಹೋಗಿ ನೋಡಿ ಬಂದಳು. ಡಾಕ್ಟರು ಅವಳ ಒಂದು ಹಲ್ಲನ್ನು ಸುಮ್ಮನೆ ಉಜ್ಜಿ ಕಳಿಸಿದರಂತೆ.

ಭಾನುವಾರದ ತನಕ ಹೇಗೆ ಇರಲಿ? ಗುಟ್ಟು ಬಯಲಾಗುವುದು ಖಂಡಿತ. ನಾನೇ ಮೊದಲು ಡಾಕ್ಟರಿಗೆ ಹೇಳಿಬಿಟ್ಟರೆ ಇವರಿಗೆ ಮುಜುಗರ ತಪ್ಪುತ್ತದೆ ಅಂತ ಇವರಿಗೆ ಹೇಳಿದೆ. ಇವರು ತಲೆ ಅಲ್ಲಾಡಿಸಿದರು. ಬೇಡ.

ಮಾರ್ಚ್ 22, ಭಾನುವಾರ

ಕ್ಲಿನಿಕ್ಕಿನ ಕಬ್ಬಿಣದ ಕುರ್ಚಿಗಳನ್ನು ಗೋಡೆಗೆ ಒತ್ತಿಸಿದೆವು. ಡಾಕ್ಟರು ಕೈ ತೊಳೆದು ಗ್ಲೌಸ್ ಹಾಕಿಕೊಂಡು ರೆಕಾರ್ಡ್ ಹೊರತೆಗೆದರು. ಯಾರೂ ನಗಲಿಲ್ಲ.

ಎಲ್ಲ ಹಾಡೂ ಸ್ನಾನ ಮಾಡಿಸಿದ ಹಾಗಿದ್ದವು. ನಾವು ಕೇಳಿಯೇ ಇರದ ಸಣ್ಣ ಸಣ್ಣ ಗಂಟೆಗಳು ಕೇಳಿಸಿದವು. ಮೊದಲ ಬದಿಯ ಕೊನೆಗೆ ಸೇತುವೆ ಹಾಡು. ಆ ಜಾಗ ಬಂತು. ಅಲ್ಲಿ ಯಾರೂ ಹಾಡಲಿಲ್ಲ. ಗಿಟಾರು ಮಾತ್ರ ಇತ್ತು, ಅದು ಮೆಲ್ಲಗೆ ದೂರ ಹೋಯಿತು. ಪ್ಲೇಯರಿನ ಮುಳ್ಳು ಎದ್ದಿತು.

ಕಂಡಕ್ಟರಮ್ಮನ ಸರದಿ. “ಕತ್ತರಿ ಹಾಕಿದಾರೆ” ಅಂದಳು. “ಅದೊಂದು ಸಾಲಿಗೋಸ್ಕರ ಕಾದಿದ್ದೆ ನಾನು. ಕಂಪನಿಗೆ ಕಂಪ್ಲೇಂಟ್ ಬರೀತೀನಿ, ಎಲ್ರೂ ಸೈನ್ ಹಾಕ್ಬೇಕು.”

ನನ್ನ ಸರದಿ. ಇವರು ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದರು. ಇಡೀ ಕಥೆ ಗಂಟಲಿನ ತನಕ ಬಂತು. ಹೇಳಿದ್ದರೆ ನಾನು ಚೆನ್ನಾಗಿಯೇ ಹೇಳುತ್ತಿದ್ದೆ, ಎಲ್ಲರನ್ನೂ ನಗಿಸುತ್ತಿದ್ದೆ. “ನಂದೇನಿಲ್ಲ, ಮುಂದಿನವರು ಹೇಳಿ” ಅಂದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ಪರೀಕ್ಷಿಸಿದರು.

ಆಮೇಲೆ ಡಾಕ್ಟರು. “ಆ ಸಾಲಿಲ್ಲದ ಹಾಡು ಹಲ್ಲಿಲ್ಲದ ಬಾಯಿ” ಅಂತ ಶುರು ಮಾಡಿದರು. ಅವರ ಅಪ್ಪ ತೀರಿಕೊಂಡ ವರ್ಷ ಆ ಸಾಲನ್ನೇ ಹಿಂದೆ ಮುಂದೆ ತಿರುಗಿಸಿ ಕೇಳುತ್ತಿದ್ದರಂತೆ. ಅದು ಇಲ್ಲದಿದ್ದರೆ ಆ ವರ್ಷ ದಾಟುತ್ತಿರಲಿಲ್ಲ ಅಂದರು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಇವರ ಸರದಿ. ಎಲ್ಲರೂ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಹಲ್ಲುಜ್ಜುವ ವಿಧಾನವನ್ನು ಓದತೊಡಗಿದೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಇವರ ಕುರ್ಚಿ ಕಿರುಗುಟ್ಟಿತು. ಎರಡೂ ಕೈಯಿಂದ ಕುರ್ಚಿಯ ಕೈ ಒತ್ತಿ ಹಿಡಿದಿದ್ದರು.

“ಆ ಸಾಲು... ನಂದು.”

ಯಾರಿಗೂ ಅರ್ಥವಾಗಲಿಲ್ಲ. ಇವರು ಉಸಿರು ತೆಗೆದುಕೊಂಡರು.

“ಟೇಪು ಹರೀತು. ಹೊರಗೆ ನೀವೆಲ್ಲ ಕಾಯ್ತಾ ಇದ್ರಿ. ನಾನೇ ಹಾಡ್ದೆ.”

ಡಾಕ್ಟರು ಎದ್ದು ಹೋಗಿ ಕೈ ತೊಳೆದರು. ಗ್ಲೌಸ್ ಹಾಕಿಕೊಂಡೇ ತೊಳೆದರು. ವಾಪಸ್ ಬಂದು “ಇಷ್ಟು ವರ್ಷ, ನನ್ನ ಎದುರಿಗೇ ಕೂತ್ಕೊಂಡು” ಅಂದವರು ಇವರ ಹೆಗಲ ಮೇಲೆ ಒದ್ದೆ ಕೈ ಇಟ್ಟು ನಿಂತರು. ಸಿಟ್ಟೋ ಮತ್ತೊಂದೋ ಹೇಳಲಾರೆ. ಎರಡೂ ಇತ್ತು. ಕಂಡಕ್ಟರಮ್ಮ ಮೂಗು ಒರೆಸಿಕೊಂಡು, “ಹಾಗಾದ್ರೆ ಕಂಪ್ಲೇಂಟ್ ಯಾರ ಮೇಲೆ ಕೊಡ್ಲಿ ಭಾವ?” ಅಂದಳು.

ಎರಡನೇ ಬದಿಯ ಕೊನೆಗೆ ಹೊಸ ಹಾಡುಗಳು ಬಂದವು. ಅದೇ ಸೊರಗಿದ ಗಂಟಲು. ಆದರೆ ಇವತ್ತು ಪದಗಳು ಕೇಳಿಸಿದವು. ಅಜ್ಜ ಮನೆಯಲ್ಲಿ ಕೂರಲಿ ಅಂತ ಯಾರೂ ಅನ್ನಲಿಲ್ಲ.

ಮಾರ್ಚ್ 24, ಮಂಗಳವಾರ

ಸಂಜೆ ಜಗಳ ಆಡಿದೆವು. ಹೊಸ ಹಾಡು ಪರವಾಗಿಲ್ಲ ಅಂದೆ. ಪರವಾಗಿಲ್ಲ ಅಂದರೆ ಏನು, ಹಳೆಯದಕ್ಕಿಂತ ಚೆನ್ನಾಗಿದೆ ಅಂತ ಇವರು. ನಾನು ತರಕಾರಿ ಹೆಚ್ಚುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ಮಾತಾಡಿದ್ದೇ ಮಾತಾಡಿದ್ದು. ನಡುನಡುವೆ ನೀರು ಕುಡಿಯುತ್ತಾರೆ, ಮತ್ತೆ ಶುರು. ಡ್ರಮ್ಮಿನವನ ವಿಷಯ, ಕಂಪನಿಯ ವಿಷಯ, ಸ್ಪೀಕರ್ ಎಲ್ಲಿಡಬೇಕಾಗಿತ್ತು ಅನ್ನುವ ವಿಷಯ. ತಲೆ ತಿಂದುಹಾಕಿದರು. ಅಷ್ಟು ಚಿಕ್ಕ ಧ್ವನಿಯಲ್ಲಿ ಹೇಳುವಾಗ ಚಾಕುವಿನ ಸದ್ದೂ ಅಡ್ಡ ಬರುತ್ತದೆ ಅಂತ ಹೆಚ್ಚುವುದನ್ನು ನಿಲ್ಲಿಸಿದೆ. ಅಡುಗೆ ತಡವಾಯಿತು.

“ನಾನು ಕ್ಯಾಸೆಟ್ ಹಾಕಿದಾಗೆಲ್ಲ ಯಾಕೆ ಎದ್ದು ಹೋಗ್ತಿದ್ರಿ?” ಅಂತ ಕೇಳಿದೆ.

“ನೀನು ಆ ಹಳೇ ಗಂಟಲಿನವನ ಜೊತೆ ಕೂತಿರ್ತಿದ್ದೆ. ಮಧ್ಯೆ ನಂಗೇನು ಕೆಲಸ?”

ನಗು ಬಂತು. ಇವರು ನಗುತ್ತಿರಲಿಲ್ಲ. ಲೋಟ ಕೆಳಗಿಟ್ಟರು.

“ಅವನು ಇನ್ನು ಬರಲ್ಲ. ಟೀಚರ್ ಕೂಡ ಹೇಳಿದ್ಲು. ಎಷ್ಟು ಒದ್ದಾಡಿದ್ರೂ ಹೆಚ್ಚೂ ಕಡಿಮೆ ಇಷ್ಟೇ” ಅಂದರು. ಆಮೇಲೆ, “ಈ ಧ್ವನಿ ಜೊತೆ ಇರ್ತೀಯಾ?” ಅಂದರು.

ಒಲೆ ಆರಿಸಿದೆ.

“ಇನ್ನೊಂದು ಸಲ ಹೇಳಿ” ಅಂದೆ.

“ಯಾಕೆ, ಕೇಳಿಸ್ಲಿಲ್ವಾ?”

“ಕೇಳಿಸ್ತು. ಆದ್ರೂ ಹೇಳಿ.”